ಓದುಗರ ಪ್ರಶ್ನೆ: ಇರುವ ಸಿಂಥೆಟಿಕ್ ಎಲ್ಲ ಕೊಟ್ಟು ಕಾಟನ್ ತೆಗೆದುಕೊಳ್ಳಲಾ?

ಪ್ರಶ್ನೆ: ನಾನೂ ನಮ್ಮ ಮನೆಯವರೂ ಕೆಲಸಕ್ಕೆ ಹೋಗುವವರು. ಬದಿಯಡ್ಕದ ಹತ್ತಿರ ಮನೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಪರಿಸರಕ್ಕೆ ತೊಂದರೆಯಾಗದ ಹಾಗೆ ಬಟ್ಟೆ ಹಾಕಬೇಕು ಅಂತ ಆಸೆ. ಕಪಾಟಿನಲ್ಲಿರುವ ಸಿಂಥೆಟಿಕ್ ಎಲ್ಲ ಯಾರಿಗಾದರೂ ಕೊಟ್ಟು, ಮನೆಮಂದಿಗೆಲ್ಲ ಕಾಟನ್ ತೆಗೆದುಕೊಳ್ಳಲಾ ಅಕ್ಕಾ?

ಬೇಡ. ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ.

ಮಂಜೇಶ್ವರದಿಂದ ಮುಳ್ಳೇರಿಯದ ತನಕ ಎಲ್ಲಿ ಹೋದರೂ ನನಗೆ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ, ಇನ್ನು ಯಾರು ಕೇಳಿದರೂ ಇದನ್ನೇ ಓದಲು ಕೊಡಿ.

ಕಾಟನ್ ಅಂದರೆ ಶುದ್ಧ, ಸಿಂಥೆಟಿಕ್ ಅಂದರೆ ಪಾಪ ಅಂತ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಒಂದನ್ನು ಹೊರಗೆ ಹಾಕಿ ಇನ್ನೊಂದನ್ನು ತಂದರೆ ಕೆಲಸ ಮುಗಿಯಿತು ಅಂತ ಲೆಕ್ಕ. ಬೇರೆ ಊರಿನವರು ಹೀಗೆ ಅಂದುಕೊಂಡರೆ ಹೋಗಲಿ ಅನ್ನಬಹುದು. ಕಾಸರಗೋಡಿನ ನಾವೇ ಹೀಗೆ ಅಂದುಕೊಂಡರೆ ಹೇಗೆ?

ಎಂಡೋಸಲ್ಫಾನ್ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಡ್ರೆ, ಸ್ವರ್ಗ, ಎಣ್ಮಕಜೆ ಅಂತ ಊರುಗಳ ಹೆಸರು ಹೇಳಿದರೆ ಸಾಕು, ಉಳಿದದ್ದು ನೆನಪಾಗುತ್ತದೆ. ಗೇರು ತೋಟಗಳ ಮೇಲೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸುರಿದದ್ದು, 2000ದ ಹೊತ್ತಿಗೆ ಅದು ನಿಂತದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆ ಹಾಕಿದ್ದು, ಎಲ್ಲ ನಮ್ಮ ಕಣ್ಣೆದುರೇ ನಡೆದದ್ದು. ಆದರೆ ಅದೇ ವಿಷವನ್ನು ದೇಶದ ಹತ್ತಿ ಹೊಲಗಳಿಗೂ ಧಾರಾಳವಾಗಿ ಬಿಡುತ್ತಿದ್ದರು ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅದೇ 2011ರಲ್ಲಿ ಬೇಗ ನಾಶವಾಗದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿ, ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೆಗೆಯಬೇಕು ಅಂತ ತೀರ್ಮಾನ ಮಾಡಿದವು. ಆಗಲೂ ಕೆಲವು ಬೆಳೆಗಳಿಗೆ ಸ್ವಲ್ಪ ಕಾಲ ವಿನಾಯಿತಿ ಇಟ್ಟರು. ಆ ಬೆಳೆಗಳಲ್ಲಿ ಹತ್ತಿಯೂ ಇತ್ತು. ಎಂಡೋಸಲ್ಫಾನ್ ಹೋದ ಮೇಲೆ ಬೇರೆ ಮದ್ದುಗಳು ಬಂದವು. ಮದ್ದು ಬಿಡದೆ ಹತ್ತಿ ಬೆಳೆಯುವವರು ಇವತ್ತಿಗೂ ಕಡಿಮೆ. ನಮ್ಮ ಊರಿನ ಮೇಲೆ ಬಿದ್ದರೆ ವಿಷ, ಇನ್ನೊಬ್ಬರ ಹೊಲದ ಮೇಲೆ ಬಿದ್ದರೆ ಶುದ್ಧ ಕಾಟನ್ ಅಂತ ಆಗುವುದಿಲ್ಲ ಅಲ್ವಾ?

ನೀರಿನ ಲೆಕ್ಕವನ್ನೂ ನೋಡಿ. ಒಂದು ಕಿಲೋ ಹತ್ತಿ ಬಟ್ಟೆ ತಯಾರಾಗುವಾಗ, ಬೆಳೆಗೆ ಬಿದ್ದ ಮಳೆ, ಹಾಯಿಸಿದ ನೀರು, ಬಣ್ಣದ ಕೆಲಸ ಎಲ್ಲ ಸೇರಿ ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕು. ಅರ್ಧ ಕಿಲೋ ತೂಗುವ ಸೀರೆ ಅಂದರೆ ನಿಮ್ಮ ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕು ಐದು ಸಲ ಖಾಲಿಯಾದಂತೆ.

ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಅಂಗಡಿಗೆ ಒಯ್ಯುವ ಚೀಲಗಳ ಲೆಕ್ಕ ಹಾಕಿತು. ಹವಾಮಾನದ ಮೇಲಾಗುವ ಪರಿಣಾಮ ಒಂದನ್ನೇ ಹಿಡಿದರೂ, ಕಾಟನ್ ಚೀಲವನ್ನು 50ಕ್ಕೂ ಜಾಸ್ತಿ ಸಲ ಬಳಸಬೇಕು. ಆಮೇಲಷ್ಟೇ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮ. ಮದುವೆಮನೆಯಲ್ಲಿ, ಜವಳಿ ಅಂಗಡಿಯಲ್ಲಿ ಕೊಟ್ಟ ಬಟ್ಟೆ ಚೀಲಗಳು ನಿಮ್ಮ ಅಡುಗೆಮನೆ ಬಾಗಿಲ ಹಿಂದೆ ಎಷ್ಟು ನೇತಾಡುತ್ತಿವೆ, ಅದರಲ್ಲಿ ಎಷ್ಟು 50 ಸಲ ಪೇಟೆಗೆ ಹೋಗಿ ಬಂದಿವೆ, ನೀವೇ ನೋಡಿ.

ಸಿಂಥೆಟಿಕ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಪಾಲಿಯೆಸ್ಟರ್ ಬರುವುದು ಪೆಟ್ರೋಲಿಯಂನಿಂದ. ಅದು ಮಣ್ಣಿನಲ್ಲಿ ಕರಗುವುದಿಲ್ಲ. ಪ್ರತಿ ಸಲ ಒಗೆಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಬಿಟ್ಟು ನೀರಿನ ಜೊತೆ ಹೋಗುತ್ತವೆ. ಆದರೆ ಈ ಎಳೆಗಳು ಜಾಸ್ತಿ ಬಿಡುವುದು ಬಟ್ಟೆ ಹೊಸದಿರುವಾಗಿನ ಮೊದಲ ಕೆಲವು ಒಗೆತಗಳಲ್ಲಿ. ನಿಮ್ಮ ಕಪಾಟಿನ ಹಳೇ ಚೂಡಿದಾರ ಆ ಹಂತ ದಾಟಿ ಎಷ್ಟೋ ಕಾಲವಾಗಿದೆ. ಅದನ್ನು ತಯಾರಿಸುವಾಗ ಆಗಬೇಕಾದ ಹಾನಿಯೆಲ್ಲ ಆಗಲೇ ಆಗಿಹೋಗಿದೆ. ಈಗ ಅದನ್ನು ಬಿಸಾಡಿದರೆ ಆ ಹಾನಿ ಇಲ್ಲವಾಗುವುದಿಲ್ಲ, ಹೊಸ ಬಟ್ಟೆಯ ಹಾನಿ ಮಾತ್ರ ಸೇರಿಕೊಳ್ಳುತ್ತದೆ. ಅದು ಹರಿಯುವ ತನಕ ಹಾಕಿ. ಬಟ್ಟೆ ಯಾವುದರದ್ದು ಅನ್ನುವುದಕ್ಕಿಂತ ಎಷ್ಟು ಸಲ ಮೈಮೇಲೆ ಬಂತು ಅನ್ನುವುದು ದೊಡ್ಡ ವಿಷಯ.

ಇನ್ನು "ಯಾರಿಗಾದರೂ ಕೊಟ್ಟು" ಅಂತ ಬರೆದಿದ್ದೀರಿ. ಯಾರಿಗೆ? ಬೇಕು ಅಂತ ಕೇಳಿದವರಿಗೆ, ಅಳತೆ ಸರಿಯಾಗುವವರಿಗೆ ಕೊಡಿ, ಸಂತೋಷ. ಗಂಟು ಕಟ್ಟಿ ಎಲ್ಲೋ ಇಟ್ಟು ಬಂದರೆ ಅದು ದಾನವಲ್ಲ. ಹಳೆ ಬಟ್ಟೆ ಸೀಳಿ ನೂಲು ತೆಗೆದು ಕಂಬಳಿ ಮಾಡುವ ಕೆಲಸ ಹರಿಯಾಣದ ಪಾಣಿಪತ್‌ನಲ್ಲಿ ದೊಡ್ಡದಾಗಿ ನಡೆಯುತ್ತದೆ, ನಿಜ. ಆದರೆ ಕಾಟನ್ ಪಾಲಿಯೆಸ್ಟರ್ ಬೆರೆಸಿದ ಬಟ್ಟೆಯಲ್ಲಿ ಎರಡನ್ನು ಬೇರೆ ಮಾಡುವುದು ಬಹಳ ಕಷ್ಟ, ಮತ್ತು ನಮ್ಮಲ್ಲಿ ಜಾಸ್ತಿ ಇರುವುದು ಅಂಥದ್ದೇ. ತೀರಾ ಹರಿದದ್ದನ್ನು ಕಸ ಒಯ್ಯಲು ತಿಂಗಳು ತಿಂಗಳು ಮನೆಗೆ ಬರುವ ಹರಿತ ಕರ್ಮಸೇನೆಯವರ ಹತ್ತಿರ ಕೇಳಿ, ಬಟ್ಟೆ ತೆಗೆದುಕೊಳ್ಳುವ ತಿಂಗಳು ಯಾವುದು ಅಂತ ಹೇಳುತ್ತಾರೆ. ಬಚ್ಚಲೊಲೆಗೆ ಮಾತ್ರ ಹಾಕಬೇಡಿ. ಪಾಲಿಯೆಸ್ಟರ್ ಉರಿಸಿದ ಹೊಗೆ ಮೊದಲು ಹೋಗುವುದು ನಿಮ್ಮ ಮಕ್ಕಳ ಮೂಗಿಗೇ.

ಕೆಲಸಕ್ಕೆ ಹೋಗುವವರಿಗೆ ನಮ್ಮ ಮಳೆಗಾಲದ ಕಷ್ಟ ಬೇರೆಯೇ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಾಗ ಇದು. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ದಪ್ಪ ಕಾಟನ್ ಎರಡು ದಿನಕ್ಕೂ ಒಣಗುವುದಿಲ್ಲ. ಕೈ ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಕಂಕುಳ ಹೊಲಿಗೆಯಲ್ಲಿ ಚಂಡಿ ಹಾಗೇ ಉಳಿದಿರುತ್ತದೆ. ಮೊದಲು ಮುಗ್ಗಲು ವಾಸನೆ, ಆಮೇಲೆ ಕಪ್ಪು ಚುಕ್ಕಿ. ಬೂಸ್ಟು ಹತ್ತಿಯ ನೂಲನ್ನೇ ತಿನ್ನುತ್ತದೆ, ಬಟ್ಟೆ ಬೇಗ ಹರಿಯುತ್ತದೆ. ಹಾಗಾಗಿ ಕುಂಬಳೆಯಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರು ಜೂನ್‌ನಿಂದ ಸೆಪ್ಟೆಂಬರ್ ತನಕ ಇದ್ದ ಸಿಂಥೆಟಿಕ್ ಹಾಕಲಿ, ಕಾಟನ್ ಬೇಸಿಗೆಗೆ ಇರಲಿ. ಒಗೆದದ್ದನ್ನು ಮೆಷೀನಿನಲ್ಲಿ ಇನ್ನೊಮ್ಮೆ ಸ್ಪಿನ್ ಮಾಡಿ, ಒಳಮೈ ಹೊರಗೆ ಮಾಡಿ ಫ್ಯಾನಿನ ಕೆಳಗೆ ಬಿಡಿಸಿ ಹಾಕಿ. ಅಡಿಕೆ ಒಣಗಿಸಲು ಅಂತ ಅಂಗಳದಲ್ಲಿ ಪ್ಲಾಸ್ಟಿಕ್ ಶೀಟಿನ ಸೋಲಾರ್ ಚಪ್ಪರ ಕಟ್ಟಿದವರಿಗೆ ಇನ್ನೂ ಸುಲಭ. ಈ ಕೆಲಸ ಮನೆಯವರೂ ಮಾಡಲಿ. ಪರಿಸರದ ಕಾಳಜಿಯ ಕೆಲಸವೆಲ್ಲ ಅಮ್ಮನ ತಲೆಗೇ ಬೀಳುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಮಕ್ಕಳ ಯೂನಿಫಾರ್ಮ್ ಹೊಲಿಯಲು ಕೊಡುವಾಗ ಟೈಲರ್ ಹತ್ತಿರ ಕೆಳಗೆ ನಾಲ್ಕು ಬೆರಳು, ಬದಿಗೆ ಒಂದು ಬೆರಳು ಬಟ್ಟೆ ಒಳಗೆ ಬಿಡಲು ಹೇಳಿ. ಮೇ ಕೊನೆಯ ಗಡಿಬಿಡಿಯಲ್ಲಿ ಹೇಳಿದರೆ ಅವರು ಕೇಳುವುದಿಲ್ಲ, ಏಪ್ರಿಲ್‌ನಲ್ಲೇ ಹೋಗಿ. ಮಡಿಕೆ ಬಿಚ್ಚಿದರೆ ಮುಂದಿನ ವರ್ಷಕ್ಕೂ ಅದೇ ಆಗುತ್ತದೆ. ಸರಕಾರಿ ಶಾಲೆಯ ಚಿಕ್ಕ ತರಗತಿಗಳಿಗೆ ಕೇರಳ ಸರಕಾರ 2017ರಿಂದ ಕೈಮಗ್ಗದ ಬಟ್ಟೆ ಉಚಿತವಾಗಿ ಕೊಡುತ್ತಿದೆ. ನೇಕಾರರಿಗೂ ಅದರಿಂದ ಕೆಲಸ ಸಿಗುತ್ತದೆ. ಅದು ಸಿಕ್ಕರೆ ಮರೆಯದೆ ಹೊಲಿಸಿ ಹಾಕಿಸಿ.

ಹಾಗಾದರೆ ಕಾಸರಗೋಡು ಸೀರೆ ತೆಗೆದುಕೊಳ್ಳಲೇಬಾರದಾ ಅಂತ ಕೇಳುತ್ತೀರಿ. ಧಾರಾಳವಾಗಿ ತೆಗೆದುಕೊಳ್ಳಿ, ಸೀರೆ ಬೇಕಾದಾಗ. ಊರಿನ ವಿಶೇಷ ವಸ್ತು ಅಂತ ಗುರುತಿಸುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ, ನಮ್ಮೂರಿನ ಮಗ್ಗದಲ್ಲೇ ನೇಯ್ದ ಕಾಟನ್ ಸೀರೆ ಅದು. ಜೋಪಾನ ಮಾಡಿದರೆ ವರ್ಷಗಟ್ಟಲೆ ಉಡಬಹುದು. ಮಗ್ಗದಲ್ಲಿ ಕೂರುವವರು ಕಡಿಮೆಯಾಗುತ್ತಾ ಇದ್ದಾರೆ, ನಮ್ಮ ದುಡ್ಡು ಅವರಿಗೆ ಹೋಗಲಿ.

ಯಾರೂ ಕೇಳದಿದ್ದರೂ ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಸ ಕಾಟನ್ ಸೀರೆ ತಂದ ಕೂಡಲೇ ಬಣ್ಣ ನಿಲ್ಲಲಿ ಅಂತ ಬಕೆಟಿಗೆ ಮುಷ್ಟಿಗಟ್ಟಲೆ ಉಪ್ಪು ಹಾಕಿ ನೆನೆಸುತ್ತಾರೆ. ಬಣ್ಣ ಹಾಕುವ ತೊಟ್ಟಿಯಲ್ಲಿ ಉಪ್ಪಿಗೆ ಕೆಲಸವಿದೆ, ಬಣ್ಣ ನೂಲಿನ ಕಡೆಗೆ ಹೋಗಲು ಅದು ಸಹಾಯ ಮಾಡುತ್ತದೆ. ಬಣ್ಣ ಹಾಕಿ ಮುಗಿದ ಬಟ್ಟೆಗೆ ನಿಮ್ಮ ಬಕೆಟಿನ ಉಪ್ಪು ಏನೂ ಮಾಡುವುದಿಲ್ಲ. ಉಪ್ಪುನೀರಿನಲ್ಲಿ ಬಣ್ಣ ಕಡಿಮೆ ಬಿಟ್ಟ ಹಾಗೆ ಕಾಣುತ್ತದೆ, ಮುಂದಿನ ಸಲ ಬರೀ ನೀರಿಗೆ ಹಾಕಿದಾಗ ಮತ್ತೆ ಬಿಡುತ್ತದೆ. ಮೊದಲ ಎರಡು ಮೂರು ಸಲ ತಣ್ಣೀರಿನಲ್ಲಿ, ಬೇರೆಯಾಗಿ, ನೆನೆಸಿಡದೆ ಬೇಗ ಒಗೆದು ನೆರಳಿನಲ್ಲಿ ಒಣಗಿಸಿ. ಹೆಚ್ಚಾಗಿ ಉಳಿದ ಬಣ್ಣ ಅಷ್ಟರಲ್ಲಿ ಹೋಗುತ್ತದೆ. ನಾಲ್ಕನೇ ಸಲಕ್ಕೂ ನೀರು ಕೆಂಪಾದರೆ ಬಣ್ಣ ಹಾಕಿದ್ದೇ ಸರಿಯಾಗಿಲ್ಲ. ಆಗ ಉಪ್ಪಿನ ಡಬ್ಬಿಗೆ ಕೈ ಹಾಕಬೇಡಿ. ಸೀರೆಯನ್ನೂ ಬಿಲ್ಲನ್ನೂ ತೆಗೆದುಕೊಂಡು ಅಂಗಡಿಗೆ ಹೋಗಿ ಕೇಳಿ.