‘ಜಾರಿ ಬಿದ್ದೆ’ ಎಂದವರನ್ನು ಮತ್ತೊಮ್ಮೆ ಕೇಳಿದಾಗ

‘ಮೆಟ್ಟಿಲಲ್ಲಿ ಜಾರಿ ಬಿದ್ದೆ.’ ತುಟಿ ಒಡೆದು, ಕೈ ಮುರಿದು ಆಸ್ಪತ್ರೆಗೆ ಬಂದ ಎಷ್ಟೋ ಹೆಂಗಸರು ಹೇಳುತ್ತಿದ್ದ ಮಾತು ಇದು. ಕೇಸ್ ಪೇಪರಿನಲ್ಲೂ ಅದೇ ಬರೆಯುತ್ತಿದ್ದರು. ಹೊಲಿಗೆ ಹಾಕಿಸಿಕೊಂಡು ಅವರು ಮತ್ತೆ ಅದೇ ಮನೆಗೆ ಹೋಗುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತೀವಲ್ಲ, ಆ ಗಾದೆ ಎಷ್ಟು ಗಾಯ ಮುಚ್ಚಿಟ್ಟಿದೆಯೋ!

ಹೆಂಡತಿಗೆ ಗಂಡ, ಗಂಡನ ಮನೆಯವರು ಕೊಡುವ ಕಿರುಕುಳವನ್ನು ಅಪರಾಧವೆನ್ನುವ 498ಎ ಕಲಂ 1983ರಲ್ಲೇ ದಂಡ ಸಂಹಿತೆಗೆ ಬಂದಿತ್ತು. ಆದರೆ ಠಾಣೆಯ ಮೆಟ್ಟಿಲು ಹತ್ತುವ ಧೈರ್ಯ ಎಷ್ಟು ಜನಕ್ಕಿರುತ್ತೆ? ಆಸ್ಪತ್ರೆಗಾದರೆ ಬರಲೇಬೇಕು. ಈ ಸರಳ ವಿಷಯವನ್ನು ಮುಂಬೈ ಗಟ್ಟಿಯಾಗಿ ಹಿಡಿದುಕೊಂಡಿತು. ಸೆಹತ್ ಎಂಬ ಸಂಶೋಧನಾ ಸಂಸ್ಥೆ ಮತ್ತು ಮಹಾನಗರ ಪಾಲಿಕೆ ಸೇರಿ, 2005ರ ಕೌಟುಂಬಿಕ ಹಿಂಸೆ ಕಾಯ್ದೆಗೂ ಮೊದಲೇ, 2000ದಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ಕೇಂದ್ರ ಶುರು ಮಾಡಿದವು. ದಿಲಾಸಾ ಅಂದರೆ ಸಾಂತ್ವನ. ಗಾಯಕ್ಕೂ ಹೇಳಿದ ಕಾರಣಕ್ಕೂ ತಾಳೆಯಾಗದಿದ್ದರೆ, ವಿಷ ಕುಡಿದು ಬಂದಿದ್ದರೆ, ಬಾಗಿಲು ಹಾಕಿ ಮೆಲ್ಲಗೆ ಕೇಳುವುದನ್ನು ನರ್ಸ್, ಡಾಕ್ಟರುಗಳಿಗೆ ಕಲಿಸಿದರು. ಮುಂದೆ ನಗರದ ಬೇರೆ ಆಸ್ಪತ್ರೆಗಳಿಗೂ ಇದು ಹಬ್ಬಿತು.

ಆದರೂ ಆಸ್ಪತ್ರೆಗೆ ಬರುವ ಹೊತ್ತಿಗೆ ಹೊಡೆತ ಬಿದ್ದಾಗಿರುತ್ತೆ, ಅಲ್ವಾ? ಹೊಡೆಯುವ ಕೈಯ ಹತ್ತಿರ ಹೋಗಬೇಕಲ್ಲ ಎಂದು ಸಂಶೋಧಕರು ಹುಡುಗರ ಕಡೆ ತಿರುಗಿದರು. ‘ಯಾರಿ ದೋಸ್ತಿ’ ಎಂಬ ಕಾರ್ಯಕ್ರಮ ಬ್ರೆಜಿಲ್‌ನ ಮಾದರಿ ತಂದು ಮುಂಬೈನ ಕೊಳೆಗೇರಿಗಳ ಯುವಕರ ಜೊತೆ ಕೂತು ಮಾತಾಡಿತು. ‘ಕೆಲವೊಮ್ಮೆ ಹೆಂಗಸಿಗೆ ಹೊಡೆತ ಬೀಳಲೇಬೇಕು’ ಎಂಬಂಥ ಮಾತಿಗೆ ಒಪ್ಪುತ್ತೀರಾ ಎಂದು ಕೇಳಿ, ಮನಸ್ಸು ಎಷ್ಟು ಬದಲಾಯಿತೆಂದು ಅಳೆದರು.

2008ರಲ್ಲಿ ಇನ್ನೂ ಚಿಕ್ಕವರ ಬಳಿ ಹೋದರು. ಮಹಿಳೆಯರ ಕುರಿತ ಸಂಶೋಧನಾ ಸಂಸ್ಥೆ ಐಸಿಆರ್‌ಡಬ್ಲ್ಯು, ಮುಂಬೈನ ಸ್ವಯಂಸೇವಾ ಸಂಸ್ಥೆ ಕೋರೊ, ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್) ಸೇರಿ ಪಾಲಿಕೆಯ 45 ಶಾಲೆಗಳಲ್ಲಿ ‘ಜೆಮ್ಸ್’ ಎಂಬ, ಗಂಡು ಹೆಣ್ಣು ಸಮಾನರೆಂದು ಕಲಿಸುವ ಕಾರ್ಯಕ್ರಮ ನಡೆಸಿದವು. ಮಕ್ಕಳು 12–14ರವರು. ಕೆಲವು ಶಾಲೆಗಳಲ್ಲಿ ಪಾಠ ಮತ್ತು ಪ್ರಚಾರ ಎರಡೂ, ಕೆಲವಲ್ಲಿ ಪ್ರಚಾರ ಮಾತ್ರ, ಉಳಿದವುಗಳಲ್ಲಿ ಏನೂ ಇಲ್ಲ. ಪಾಠ ನಡೆದ ಕಡೆ ಮಕ್ಕಳ ವಿಚಾರ ಜಾಸ್ತಿ ಬದಲಾಯಿತು. ಹೊಡೆದಾಟದ ವಿಷಯದಲ್ಲಿ ಮಾತ್ರ ಫಲ ಅಷ್ಟು ನೇರವಾಗಿರಲಿಲ್ಲ. ವಿಚಾರ ಬೇಗ ತಿರುಗುತ್ತೆ, ಕೈ ತಡವಾಗಿ ತಿರುಗುತ್ತೆ.

ಈ ವಯಸ್ಸೇ ಯಾಕೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪದೇ ಪದೇ ತೋರಿಸಿದ ಒಂದು ಸಂಗತಿ ಇದೆ: ಅಮ್ಮ ಏಟು ತಿನ್ನುವುದನ್ನು ನೋಡಿ ಬೆಳೆದ ಹುಡುಗಿಗೆ ಮುಂದೆ ತಾನೂ ಏಟು ತಿನ್ನುವ ಅಪಾಯ ಹೆಚ್ಚು. 2019–21ರ ಸಮೀಕ್ಷೆಯಲ್ಲಿ, ಮದುವೆಯಾದ 18–49ರ ಹೆಂಗಸರಲ್ಲಿ ಸುಮಾರು ಶೇ 29 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದರು.

ಮುಂಬೈನ ಧಾರಾವಿಯಲ್ಲಿ ಭಾನುವಾರ ನಾನು ಕಲಬುರಗಿ ಕಡೆಯ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಶಾಲೆಯಲ್ಲಿ ಹಿಂದಿ, ಬೀದಿಯಲ್ಲಿ ಮರಾಠಿ, ಮನೆಯ ಸಂಕಟ ಮಾತ್ರ ಕನ್ನಡದಲ್ಲಿ. ಹೊಡೆತದ ಬಗ್ಗೆ ಮಾತು ಬಂದ ದಿನ ಏಳನೇ ಕ್ಲಾಸಿನ ಹುಡುಗ ಸುಮ್ನೆ ಕೂತಿದ್ದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದ.

‘ಟೀಚರ್, ಅಪ್ಪ ಕುಡದು ಬಂದ ದಿನ ಅಷ್ಟೇ ಅವ್ವಗ ಹೊಡೀತಾನ್ರೀ. ಅದೂ ಲೆಕ್ಕಕ್ಕ ಬರ್ತದೇನ್ರೀ?’

ಬರುತ್ತೆ ಅಂದೆ. ಅವನು ಚೀಲ ಕೆಳಗಿಟ್ಟು ಮತ್ತೆ ಕೂತ.