ಇಮ್ಮರ್ಶನ್ ಅಂದರೆ ಇಂಗ್ಲಿಷ್ ಮೀಡಿಯಂ ಅಲ್ಲ

ಹೋದ ತಿಂಗಳು ಚಿಕ್ಕಮ್ಮನ ಮಗಳು ಅಮೆರಿಕದ ಆರೆಗನ್‌ನಿಂದ ಫೋನ್ ಮಾಡಿದ್ದಳು. "ಅಣ್ಣ, ಮುಂದಿನ ವರ್ಷ ಪುಟ್ಟಿನ ಕಿಂಡರ್‌ಗಾರ್ಟನ್‌ಗೆ ಸೇರಿಸಬೇಕು. ಇಲ್ಲಿ ಸರ್ಕಾರಿ ಸ್ಕೂಲಲ್ಲೇ ಮ್ಯಾಂಡರಿನ್ ಇಮ್ಮರ್ಶನ್ ಅಂತ ಇದೆ. ಹಾಕ್ಲಾ? ಇಂಗ್ಲಿಷೇ ಇನ್ನೂ ಸರಿಯಾಗಿ ಬರಲ್ಲ, ಮನೇಲಿ ಕನ್ನಡ, ಅದರ ಮೇಲೆ ಚೈನೀಸ್ ಬೇರೆ!"

ಅವಳು ಅದನ್ನು ಇಂಗ್ಲಿಷ್ ಮೀಡಿಯಂ ಥರ ಚೈನೀಸ್ ಮೀಡಿಯಂ ಅಂದುಕೊಂಡಿದ್ದಳು. ನಮ್ಮಲ್ಲಿ ತುಂಬಾ ಜನ ಹಾಗೇ ಅಂದುಕೊಳ್ಳುತ್ತಾರೆ. ಅದಕ್ಕೇ ಈ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ.

ಇಮ್ಮರ್ಶನ್ ಅಂದರೆ ಮುಳುಗಿಸುವುದು. ಭಾಷೆಯನ್ನು ಒಂದು ಪಾಠವಾಗಿ ಕಲಿಸದೆ, ಆ ಭಾಷೆಯಲ್ಲೇ ಲೆಕ್ಕ, ವಿಜ್ಞಾನ, ಚಿತ್ರ ಬಿಡಿಸೋದು ಎಲ್ಲಾ ಕಲಿಸುತ್ತಾರೆ. ಮಗು ಎರಡಕ್ಕೆ ಮೂರು ಸೇರಿಸುತ್ತಾ ಸೇರಿಸುತ್ತಾ ಭಾಷೆಯನ್ನೂ ಹೀರಿಕೊಳ್ಳುತ್ತದೆ. ಇಷ್ಟೇ ಆಗಿದ್ದರೆ ನಮ್ಮ ಇಂಗ್ಲಿಷ್ ಮೀಡಿಯಂ ಕೂಡ ಇಮ್ಮರ್ಶನ್ನೇ, ಅಲ್ವಾ? ಅಲ್ಲ. ಯಾಕೆ ಅಲ್ಲ ಅನ್ನೋದು ಇದು ಹುಟ್ಟಿದ ಕತೆಯಲ್ಲಿದೆ.

1963ರ ಸುಮಾರಿಗೆ ಕೆನಡಾದ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್ ಎಂಬ ಊರಿನಲ್ಲಿ ಇಂಗ್ಲಿಷ್ ಮಾತಾಡುವ ಕೆಲವು ತಂದೆತಾಯಿಯರು ಸೇರಿ ಶಾಲಾ ಮಂಡಳಿಯ ಬೆನ್ನು ಹತ್ತಿದರು. ಸುತ್ತಮುತ್ತ ಫ್ರೆಂಚ್ ಮಾತಾಡುವ ಜನ. ಆದರೆ ಇವರ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಪಾಠ ಓದಿದರೂ ಬಾಯಿ ಬಿಟ್ಟು ಮಾತಾಡಲು ಬರುತ್ತಿರಲಿಲ್ಲ. ಹಾಗಾಗಿ ಕಿಂಡರ್‌ಗಾರ್ಟನ್‌ನಿಂದಲೇ ಎಲ್ಲವನ್ನೂ ಫ್ರೆಂಚಿನಲ್ಲಿ ಕಲಿಸಿ ಎಂದು ಕೇಳಿದರು. 1965ರಲ್ಲಿ ಅಂಥ ಕ್ಲಾಸು ಶುರುವಾಯಿತು. ಇಂಗ್ಲಿಷ್ ಪಾಠ ಶುರುವಾಗಿದ್ದು 2ನೇ ಕ್ಲಾಸಿನಲ್ಲಿ. ಮೆಕ್‌ಗಿಲ್ ವಿಶ್ವವಿದ್ಯಾಲಯದ ವಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಆ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದರು. ಮಕ್ಕಳಿಗೆ ಫ್ರೆಂಚ್ ಬಂತು, ಇಂಗ್ಲಿಷೂ ಹಿಂದೆ ಬೀಳಲಿಲ್ಲ.

ಆ ಕ್ಲಾಸಿನ ಒಳಗೆ ಏನಿತ್ತು ನೋಡಿ. ಅಲ್ಲಿದ್ದ ಮಕ್ಕಳಲ್ಲಿ ಯಾರಿಗೂ ಫ್ರೆಂಚ್ ಬರುತ್ತಿರಲಿಲ್ಲ, ಹಾಗಾಗಿ ಯಾರೂ ದಡ್ಡರು ಅನ್ನಿಸಿಕೊಳ್ಳಲಿಲ್ಲ. ಮಗು ಇಂಗ್ಲಿಷಿನಲ್ಲಿ ನೀರು ಕೇಳಿದರೆ ಟೀಚರ್‌ಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಫ್ರೆಂಚಿನಲ್ಲಿ ಬರುತ್ತಿತ್ತು. ಮನೆಭಾಷೆಗೆ ಊರಲ್ಲಿ ಮರ್ಯಾದೆ ಇತ್ತು, ಮನೆಯಲ್ಲಿ ಪುಸ್ತಕಗಳಿದ್ದವು, ಮುಂದೆ ಶಾಲೆಯಲ್ಲೂ ಆ ಭಾಷೆಗೆ ಜಾಗವಿತ್ತು.

ನಾನು ಬಾವಿಯಲ್ಲಿ ಈಜು ಕಲಿತವನು. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗೆ ಇಳಿಸುತ್ತಿದ್ದರು, ಮೇಲೆ ಮಾವ ಹಗ್ಗ ಹಿಡಿದು ನಿಂತಿರುತ್ತಿದ್ದರು. ಮೈಯೆಲ್ಲಾ ನೀರಲ್ಲೇ ಇರುತ್ತಿತ್ತು, ಆದರೆ ಮುಳುಗುತ್ತಿರಲಿಲ್ಲ. ಇಮ್ಮರ್ಶನ್ ಅಂದರೆ ಅದು. ಬುರುಡೆಯೂ ಇಲ್ಲದೆ, ಹಗ್ಗವೂ ಇಲ್ಲದೆ ತಳ್ಳಿಬಿಟ್ಟರೆ? ಅದಕ್ಕೂ ಶಿಕ್ಷಣದವರ ಹತ್ತಿರ ಬೇರೆ ಹೆಸರಿದೆ, ಸಬ್‌ಮರ್ಶನ್.

ಈಗ ನಮ್ಮ ಕಡೆ ನೋಡಿ. ನಾನು ಓದಿದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ. ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಅರ್ಥವಾಗದ ಉತ್ತರಗಳನ್ನು ಸುಮ್ನೆ ಬಾಯಿಪಾಠ ಮಾಡುತ್ತಿದ್ದೆವು. ಇದಕ್ಕೆ ಇಮ್ಮರ್ಶನ್ ಎಂದು ಹೆಸರಿಡುವುದು ತಪ್ಪು, ಇದು ಎರಡನೇ ಥರದ್ದು. 2019-20ರಲ್ಲಿ ಕರ್ನಾಟಕ ಸರ್ಕಾರ ಸಾವಿರ ಸರ್ಕಾರಿ ಶಾಲೆಗಳಲ್ಲಿ 1ನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಶುರು ಮಾಡಿದಾಗ ನನಗೆ ಕಾಡಿದ್ದೂ ಇದೇ. ಬಡವರ ಮಕ್ಕಳಿಗೂ ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ವರ್ಷ ಕನ್ನಡದಲ್ಲಿ ಪಾಠ ಮಾಡಿದ ಮೇಷ್ಟ್ರಿಗೆ ಕೆಲವೇ ದಿನಗಳ ತರಬೇತಿ ಕೊಟ್ಟು ಕಳಿಸಿದರೆ ಹಗ್ಗ ಹಿಡಿಯೋರು ಯಾರು?

ಅಮೆರಿಕಕ್ಕೆ ವಾಪಸ್ ಬರೋಣ. ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆ ಅಲ್ಲ. ಒಂದು ಊರಿನ ಅಥವಾ ಊರಿನ ಒಂದು ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ ಅದು. ಸಾಮಾನ್ಯವಾಗಿ ಜನರೇ ಆರಿಸಿದ ಮಂಡಳಿ ಇರುತ್ತದೆ, ಆಸ್ತಿ ತೆರಿಗೆಯ ದುಡ್ಡೂ ಬರುತ್ತದೆ. ಹಾಗಾಗಿ ಇಮ್ಮರ್ಶನ್ ಬೇಕು ಅನ್ನೋ ತಂದೆತಾಯಿ ಮಂಡಳಿಯ ಸಭೆಗೇ ಹೋಗಿ ಕೇಳುತ್ತಾರೆ. ಆರೆಗನ್‌ನ ಪೋರ್ಟ್‌ಲ್ಯಾಂಡ್ ಡಿಸ್ಟ್ರಿಕ್ಟ್‌ನಲ್ಲಿ ಸ್ಪ್ಯಾನಿಷ್ 1980ರ ದಶಕದಲ್ಲಿ ಶುರುವಾಯಿತು. ಆಮೇಲೆ ಜಪಾನೀಸ್ ಬಂತು, 1998ರಲ್ಲಿ ವುಡ್‌ಸ್ಟಾಕ್ ಶಾಲೆಯಲ್ಲಿ ಮ್ಯಾಂಡರಿನ್ ಬಂತು, ಮುಂದೆ ರಷ್ಯನ್ನೂ ಸೇರಿತು.

ಅಲ್ಲಿ ಸೀಟಿಗೆ ಲಾಟರಿ ಎತ್ತುತ್ತಾರೆ. ಇದರಿಂದ ಒಂದು ಉಪಕಾರವಾಯಿತು. ಅರ್ಜಿ ಹಾಕಿ ಸೀಟು ಸಿಕ್ಕವರು, ಅರ್ಜಿ ಹಾಕಿಯೂ ಸಿಗದವರು, ಈ ಎರಡು ಗುಂಪನ್ನು ಹೋಲಿಸಿ ನೋಡಬಹುದಿತ್ತು. ಇಬ್ಬರ ಮನೆಯಲ್ಲೂ ಆಸೆ ಒಂದೇ, ಬೇರೆಯಾಗಿದ್ದು ಅದೃಷ್ಟ ಮಾತ್ರ. ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯವರು ಸೇರಿ ಮಾಡಿದ ಆ ಅಧ್ಯಯನ 2015ರಲ್ಲಿ ಹೊರಬಂತು. ಇಮ್ಮರ್ಶನ್ ಮಕ್ಕಳು ಇಂಗ್ಲಿಷ್ ಓದಿನಲ್ಲಿ 5ನೇ ಕ್ಲಾಸಿಗೆ ಸುಮಾರು 7 ತಿಂಗಳು, 8ನೇ ಕ್ಲಾಸಿಗೆ ಸುಮಾರು 9 ತಿಂಗಳು ಮುಂದಿದ್ದರು. ಗಣಿತ, ವಿಜ್ಞಾನದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇನ್ನೊಂದು ಭಾಷೆಯಲ್ಲಿ ಓದಿ ಇಂಗ್ಲಿಷ್ ಓದು ಚುರುಕಾಯಿತು ಅನ್ನೋದನ್ನು ಮೊದಲ ಸಲ ಓದಿದಾಗ ನನಗೆ ತುಂಬಾ ಖುಷಿಯಾಯಿತು.

ಮತ್ತೆ ಎಲ್ಲಾ ಶಾಲೆಗಳಿಗೂ ಯಾಕೆ ಹಬ್ಬಿಸಬಾರದು? ಹಬ್ಬಿಸೋದು ನಿಧಾನದ ಕೆಲಸ. ಈ ವರ್ಷ ಕಿಂಡರ್‌ಗಾರ್ಟನ್ ಶುರು ಮಾಡಿದರೆ ಮುಂದಿನ ವರ್ಷ 1ನೇ ಕ್ಲಾಸ್, ಅದರ ಮುಂದಿನ ವರ್ಷ 2, ಹೀಗೆ ಒಂದೊಂದೇ ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಆ ಭಾಷೆಯಲ್ಲಿ ಭಿನ್ನರಾಶಿಯನ್ನೂ ದ್ಯುತಿಸಂಶ್ಲೇಷಣೆಯನ್ನೂ ಹೇಳಿಕೊಡಬಲ್ಲ, ಅಲ್ಲಿನ ಲೈಸೆನ್ಸ್ ಇರುವ ಟೀಚರ್ ಬೇಕು. ಭಾಷೆ ಬಂದರೆ ಸಾಲದು. ಮಧ್ಯದಲ್ಲಿ ಯಾರಾದರೂ ಊರು ಬಿಟ್ಟರೆ ಆ ಸೀಟು ತುಂಬೋದೂ ಕಷ್ಟ, 4ನೇ ಕ್ಲಾಸಿಗೆ ಮ್ಯಾಂಡರಿನ್ ಗೊತ್ತಿಲ್ಲದ ಮಗುವನ್ನು ತಂದು ಕೂರಿಸಲು ಆಗುವುದಿಲ್ಲ. ಯೂಟಾ ರಾಜ್ಯ ಇದಕ್ಕೆ ಒಂದು ಜಾಣ ದಾರಿ ಹುಡುಕಿತು. 2008ರಲ್ಲಿ ಕಾನೂನು ಮಾಡಿ, ಅರ್ಧ ದಿನ ಇಂಗ್ಲಿಷ್, ಅರ್ಧ ದಿನ ಇನ್ನೊಂದು ಭಾಷೆ ಎಂದು ಗೊತ್ತು ಮಾಡಿದರು. ಎರಡು ಕ್ಲಾಸು, ಇಬ್ಬರು ಟೀಚರು, ಮಧ್ಯಾಹ್ನ ಮಕ್ಕಳು ಅದಲು ಬದಲು. ಟೀಚರ್‌ಗಳ ಸಂಖ್ಯೆ ಜಾಸ್ತಿ ಆಗಲೇ ಇಲ್ಲ.

ಸೀಟು ಯಾರಿಗೆ ಅನ್ನೋ ಜಗಳವೂ ಇದೆ. ಸ್ಪ್ಯಾನಿಷ್ ಮನೆಭಾಷೆ ಆಗಿರುವ ವಲಸೆಗಾರರ ಮಕ್ಕಳಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕು, ಆದರೆ ಅರ್ಜಿಯ ಕೊನೆಯ ದಿನ ತಿಳಿದಿರೋದು ಅನುಕೂಲಸ್ಥರಿಗೆ. ಅದಕ್ಕೇ ಕೆಲವು ಕಡೆ ಅರ್ಧದಷ್ಟು ಸೀಟನ್ನು ಆ ಭಾಷೆಯ ಮಕ್ಕಳಿಗೇ ಇಡುತ್ತಾರೆ. ಇದನ್ನು ಟೂ-ವೇ ಇಮ್ಮರ್ಶನ್ ಅನ್ನುತ್ತಾರೆ. ಮಯಾಮಿಯ ಕೋರಲ್ ವೇ ಶಾಲೆಯಲ್ಲಿ 1963ರಲ್ಲೇ ಕ್ಯೂಬಾದಿಂದ ಬಂದವರ ಮಕ್ಕಳು ಮತ್ತು ಇಂಗ್ಲಿಷ್ ಮಕ್ಕಳು ಎರಡೂ ಭಾಷೆಯಲ್ಲಿ ಓದಲು ಶುರು ಮಾಡಿದ್ದರು. ನನಗೆ ಎಲ್ಲಕ್ಕಿಂತ ಇಷ್ಟವಾದ ಬಗೆ ಇದೇ. ಮನೆಮಾತಿನ ಕಾರಣಕ್ಕೆ ಹಿಂದಿನ ಬೆಂಚಿಗೆ ಹೋಗಬೇಕಾಗಿದ್ದ ಮಗು ಇಲ್ಲಿ ಪಕ್ಕದವನಿಗೆ ಹೇಳಿಕೊಡುತ್ತದೆ.

ತಂಗಿಗೆ ಹೇಳಿದೆ: ಹಾಕು, ಇಂಗ್ಲಿಷ್ ಬಗ್ಗೆ ಹೆದರಬೇಡ, ಅದು ಬೀದಿಯಲ್ಲೇ ಸಿಗುತ್ತದೆ. ಆದರೆ ಶಾಲೆಗೆ ಹೋಗಿ ಎರಡು ಮಾತು ಕೇಳು. ಶುರುವಾದ ಮಕ್ಕಳಲ್ಲಿ ಎಷ್ಟು ಜನ 5ನೇ ಕ್ಲಾಸಿನವರೆಗೆ ಉಳಿಯುತ್ತಾರೆ? ಮ್ಯಾಂಡರಿನ್ ಟೀಚರ್ ರಜೆ ಹಾಕಿದ ದಿನ ಯಾರು ಬರುತ್ತಾರೆ?

"ಮತ್ತೆ ಕನ್ನಡ?" ಅಂದಳು. ಅಲ್ಲಿ ಕನ್ನಡ ಅಂದರೆ ಹೆಚ್ಚಾಗಿ ಕನ್ನಡ ಕೂಟದವರು ಶನಿವಾರ ಭಾನುವಾರ ನಡೆಸುವ ತರಗತಿ. ಅಕ್ಷರ ಕಲಿಯಲು ಅದು ಬೇಕೇ ಬೇಕು. ಮಾತಿಗೆ ಮಾತ್ರ ಅಷ್ಟು ಸಾಲದು. ಎರಡು ವರ್ಷದ ಹಿಂದೆ ಚಿಕ್ಕಮ್ಮ ಆರು ತಿಂಗಳು ಅಲ್ಲಿದ್ದಾಗ ಪುಟ್ಟಿ ಪಟಪಟ ಕನ್ನಡ ಮಾತಾಡುತ್ತಿದ್ದಳು. ಮಗು "ವಾಟರ್" ಅಂದರೆ ಚಿಕ್ಕಮ್ಮನಿಗೆ ತಿಳಿಯುತ್ತಿತ್ತು, ಆದರೂ ಲೋಟ ಹಿಡಿದುಕೊಂಡೇ "ನೀರು ಬೇಕಾ ಕಂದ?" ಅಂತ ಕೇಳಿ, ಅವಳ ಬಾಯಿಂದ "ನೀರು" ಬರುವ ತನಕ ಕಾಯುತ್ತಿದ್ದರು. "ಅಮ್ಮನ ಟಿಕೆಟ್ ಈಗಲೇ ಬುಕ್ ಮಾಡು" ಅಂದೆ.