ಮೂಲಾರ್ಥವಾದ ಮತ್ತು ಅಸಮಾನತೆಯ ಚರಿತ್ರೆ: ಸಂವಿಧಾನ ವ್ಯಾಖ್ಯಾನದ ಮೇಲೊಂದು ಅಧ್ಯಯನ ಟಿಪ್ಪಣಿ

ಸಂವಿಧಾನದ ಮಾತುಗಳಿಗೆ ಅದು ಅಂಗೀಕಾರವಾದ ಕಾಲದಲ್ಲಿ ಯಾವ ಅರ್ಥವಿತ್ತೋ ಅದಕ್ಕೇ ನ್ಯಾಯಾಲಯ ಇಂದಿಗೂ ಬದ್ಧವಾಗಿರಬೇಕು ಎನ್ನುವ ವಾದವೇ ಮೂಲಾರ್ಥವಾದ, ಅಂದರೆ ಒರಿಜಿನಲಿಸಂ. ಅಮೆರಿಕದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಇದರ ಪ್ರಮುಖ ಪ್ರತಿಪಾದಕರಾಗಿದ್ದರು. ಜನರಿಂದ ಆಯ್ಕೆಯಾಗದ ನ್ಯಾಯಾಧೀಶರು ಸ್ವಂತ ಅಭಿಪ್ರಾಯವನ್ನು ಸಂವಿಧಾನದ ಹೆಸರಿನಲ್ಲಿ ಹೇರಬಾರದೆಂಬ ಅದರ ಕಾಳಜಿಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ತೊಡಕಿರುವುದು ಆ ಮೂಲ ಅರ್ಥವನ್ನು ಯಾರು ಕಟ್ಟಿದರು ಎಂಬಲ್ಲಿ. ಅಮೆರಿಕದ ಸಂವಿಧಾನವನ್ನು ರಚಿಸಿದ 1787ರ ಫಿಲಡೆಲ್ಫಿಯಾ ಸಭೆಯಲ್ಲಿ ಮಹಿಳೆಯರಿರಲಿಲ್ಲ. ಅದು ರೂಪಿಸಿದ ಪಠ್ಯ, ಪ್ರಾತಿನಿಧ್ಯದ ಲೆಕ್ಕಕ್ಕೆ ಗುಲಾಮರ ಸಂಖ್ಯೆಯಲ್ಲಿ ಐದರಲ್ಲಿ ಮೂರು ಪಾಲನ್ನಷ್ಟೇ ಸೇರಿಸಿಕೊಂಡಿತು. ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಬಿಡುಗಡೆಗಾಗಿ ಹೂಡಿದ್ದ ಪ್ರಕರಣದಲ್ಲಿ, 1857ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಟಾನೀ, ರಚನೆಯ ಕಾಲದ ಅರ್ಥವನ್ನೇ ಆಧಾರವಾಗಿಟ್ಟುಕೊಂಡು, ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ವಂಶಜರು ಅಮೆರಿಕದ ನಾಗರಿಕರಾಗಲಾರರು ಎಂದರು. ಆ ತೀರ್ಪಿನ ಚರಿತ್ರೆಯೇ ತಪ್ಪು ಎಂಬುದು ಮೂಲಾರ್ಥವಾದಿಗಳ ಉತ್ತರ, ಮತ್ತು ಅದರಲ್ಲಿ ಹುರುಳಿದೆ: ಸ್ಥಾಪನೆಯ ಕಾಲದಲ್ಲಿ ಐದು ರಾಜ್ಯಗಳಲ್ಲಿ ಸ್ವತಂತ್ರ ಕಪ್ಪು ಪುರುಷರಿಗೆ ಮತದಾನದ ಹಕ್ಕಿತ್ತೆಂದು ನ್ಯಾಯಮೂರ್ತಿ ಕರ್ಟಿಸ್ ತಮ್ಮ ಭಿನ್ನಮತದಲ್ಲಿ ತೋರಿಸಿದ್ದರು. ಆದರೂ ಪೌರತ್ವ ಖಚಿತವಾಗಲು ಅಂತರ್ಯುದ್ಧವೂ 1868ರ 14ನೇ ತಿದ್ದುಪಡಿಯೂ ಬೇಕಾದವು.

ನಮ್ಮ ಸಂವಿಧಾನ ರಚನಾ ಸಭೆಯೂ ಸಾರ್ವತ್ರಿಕ ಮತದಾನದಿಂದ ಬಂದದ್ದಲ್ಲ. ಪ್ರಾಂತಗಳಿಂದ ಬಂದ ಸದಸ್ಯರನ್ನು ಆರಿಸಿದ್ದು, ಆಸ್ತಿ, ತೆರಿಗೆ, ವಿದ್ಯೆಯ ಅರ್ಹತೆಯುಳ್ಳವರ ಮತದಿಂದ ರಚನೆಯಾಗಿದ್ದ ಶಾಸನಸಭೆಗಳು. ಆದರೆ ನಮ್ಮ ಪಠ್ಯ ಅಸಮಾನತೆಯನ್ನು ಹೆಸರಿಟ್ಟು ಎದುರಿಸುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸುತ್ತದೆ, ಅದಕ್ಕೆ ವ್ಯಾಖ್ಯೆ ಕೊಡುವುದಿಲ್ಲ. ಮೈಸೂರು ಹೈಕೋರ್ಟು ದೇವರಾಜಯ್ಯ ಪ್ರಕರಣದಲ್ಲಿ, ಆ ಪದಕ್ಕೆ ನಿಘಂಟಿನ ಅರ್ಥ ಹಿಡಿಯದೆ, ಈ ದೇಶದಲ್ಲಿ ಚಾರಿತ್ರಿಕವಾಗಿ ಬೆಳೆದುಬಂದ ಆಚರಣೆಯೆಂದೇ ಅರ್ಥ ಮಾಡಬೇಕೆಂದಿತು. ಚರಿತ್ರೆಯನ್ನು ನೋಡುವುದೇ ತಪ್ಪೆಂದು ಹೇಳುವವರು ಈ ತೀರ್ಪನ್ನು ಓದಬೇಕು. ತುಳಿತಕ್ಕೊಳಗಾದವರ ಅನುಭವವೂ ಮೂಲ ಅರ್ಥದ ಭಾಗವೆಂಬುದು ಇಲ್ಲಿ ಕಾಣುತ್ತದೆ.

"ಮೀಸಲಾತಿ ಹತ್ತೇ ವರ್ಷಕ್ಕೆಂದು ಅಂಬೇಡ್ಕರರೇ ಹೇಳಿದ್ದರು" ಎಂಬ ಮಾತನ್ನು ದಾವಣಗೆರೆಯ ಚರ್ಚಾಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಇದು ಮೂಲಾರ್ಥವಾದದ ಧಾಟಿಯ ವಾದವೇ, ಆದರೆ ಮೂಲವನ್ನು ಓದದೆ ಹೂಡಿದ ವಾದ. ಹತ್ತು ವರ್ಷದ ಗಡುವಿದ್ದದ್ದು 334ನೇ ವಿಧಿಯಲ್ಲಿ, ಲೋಕಸಭೆ ಮತ್ತು ವಿಧಾನಸಭೆಯ ಸ್ಥಾನಗಳಿಗೆ ಮಾತ್ರ. ಪರಿಶಿಷ್ಟ ಜಾತಿಗೆ ಮೀಸಲಾದ ಚಿತ್ರದುರ್ಗ ಲೋಕಸಭಾ ಕ್ಷೇತ್ರ ಹಾಗೂ ಹೊಳಲ್ಕೆರೆ, ಮಾಯಕೊಂಡ ವಿಧಾನಸಭಾ ಕ್ಷೇತ್ರಗಳು ನಿಂತಿರುವುದು ಆ ಗಡುವಿನ ವಿಸ್ತರಣೆಯ ಮೇಲೆ. 104ನೇ ತಿದ್ದುಪಡಿ ಅದನ್ನು 2030ರವರೆಗೆ ಒಯ್ದಿದೆ. ಅದೇ ಹೊಳಲ್ಕೆರೆಯ ತಾಲ್ಲೂಕು ಕಚೇರಿಯಲ್ಲಿ ಮೀಸಲಾತಿಯಡಿ ನೇಮಕವಾದ ಗುಮಾಸ್ತರ ಹುದ್ದೆಗೆ ಆಧಾರ 16(4)ನೇ ವಿಧಿ, ಅದರಲ್ಲಿ ಗಡುವೇ ಇಲ್ಲ. ಶಿಕ್ಷಣಕ್ಕೆ ಸಂಬಂಧಿಸಿದ 15(4) ಮೂಲ ಪಠ್ಯದಲ್ಲೇ ಇರಲಿಲ್ಲ. ಮದ್ರಾಸಿನ ಕಾಲೇಜು ಪ್ರವೇಶದಲ್ಲಿದ್ದ ಜಾತಿವಾರು ಹಂಚಿಕೆಯನ್ನು ಸುಪ್ರೀಂ ಕೋರ್ಟು ರದ್ದುಮಾಡಿದ ಚಂಪಕಂ ದೊರೈರಾಜನ್ ತೀರ್ಪಿನ ಬಳಿಕ 1951ರ ಮೊದಲ ತಿದ್ದುಪಡಿಯಿಂದ ಬಂತು.

ಮೂಲವನ್ನು ಓದಿ ಎನ್ನುವ ನಾವು ನಮಗೆ ಒಗ್ಗದ ಪುಟವನ್ನೂ ಓದಬೇಕು. 1948ರ ನವೆಂಬರ್ 30ರಂದು ಅಂಬೇಡ್ಕರ್, ಹುದ್ದೆಗಳ ಮೀಸಲಾತಿ ಅಲ್ಪಪಾಲಿಗೆ ಸೀಮಿತವಾಗಿರಬೇಕು, ಇಲ್ಲವಾದರೆ ಸಮಾನ ಅವಕಾಶದ ತತ್ವವೇ ಉಳಿಯದು ಎಂದಿದ್ದರು. ಸುಪ್ರೀಂ ಕೋರ್ಟಿನ 1992ರ ಇಂದ್ರಾ ಸಾಹನಿ ತೀರ್ಪು ಮೀಸಲಾತಿಗೆ ಶೇ. 50ರ ಮಿತಿಯನ್ನು ಸಮರ್ಥಿಸುವಾಗ ಈ ಭಾಷಣವನ್ನು ನೆನೆಯಿತು. ಆದರೆ ಅದೇ ಭಾಷಣದಲ್ಲಿ ಅವರು ಶೇಕಡಾವಾರು ಮಿತಿಯೊಂದನ್ನು ಗೊತ್ತುಮಾಡದೆ, ಸರ್ಕಾರ ವಿವೇಚನೆಯಿಂದ ನಡೆದುಕೊಂಡಿದೆಯೇ ಎಂಬ ನಿರ್ಣಯವನ್ನು ನ್ಯಾಯಾಲಯಕ್ಕೆ ಬಿಟ್ಟರು. ಮರುವರ್ಷ ನವೆಂಬರ್ 25ರಂದು ಅಮೆರಿಕದ ಸ್ಥಾಪಕರಲ್ಲೊಬ್ಬರಾದ ಜೆಫರ್ಸನ್‌ರನ್ನು ಉಲ್ಲೇಖಿಸಿ, ಒಂದು ಪೀಳಿಗೆಗೆ ಮುಂದಿನ ಪೀಳಿಗೆಯನ್ನು ಕಟ್ಟಿಹಾಕುವ ಹಕ್ಕಿಲ್ಲವೆಂಬ ವಿಚಾರವನ್ನು ಎತ್ತಿಹಿಡಿದರು. ಕರಡು ಸಮಿತಿಯ ಅಧ್ಯಕ್ಷರ ಆಶಯವನ್ನೇ ಪ್ರಮಾಣವೆಂದು ಒಪ್ಪುವವರು ಈ ಆಶಯವನ್ನೂ ಒಪ್ಪಬೇಕಾಗುತ್ತದೆ.